ಯಾರ ಪಾಸ್‌ವರ್ಡೂ ಕೇಳದ ಆಪಾ

ಕಾಲೇಜಿನಲ್ಲಿ ಯಾರಾದರೂ ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡ್ ಒತ್ತಲು ಬೆರಳೆತ್ತಿದರೆ ಸಾಕು, ಆಪಾ ಗೋಡೆಯ ಕಡೆ ತಿರುಗಿ ನಿಂತುಬಿಡುತ್ತಿದ್ದರು. ಸುಮ್ಮನೆ ಕಣ್ಣು ಅತ್ತ ಸರಿಸುವುದಲ್ಲ, ಪೂರಾ ಬೆನ್ನು ಕೊಟ್ಟು ನಿಲ್ಲುವುದು. ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದರೆ ಅದರ ತಿಥಿ, ನಕ್ಷತ್ರ ಓದುತ್ತ ನಿಲ್ಲುವರು. ಏನೂ ಇಲ್ಲದಿದ್ದರೆ ಬರೀ ಸುಣ್ಣವನ್ನೇ ನೋಡುವರು.

"ಆಪಾ, ನಾವೇನು ಸೀರಿ ಬದಲಿ ಮಾಡಾಕತ್ತೇವೇನ್ರಿ?" ಎಂದು ನಾನೊಮ್ಮೆ ನಗೆಯಾಡಿದೆ.

"ಹಂಗೇ ತಿಳ್ಕೋರಿ ಅಕ್ಕಾ. ಆಯ್ತಾ? ತಿರುಗ್ಲ್ಯಾ?" ಎಂದರು, ಗೋಡೆಗೇ.

ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ನಾನು ಅವರನ್ನು ಆಪಾ ಎನ್ನುತ್ತಿದ್ದೆ. ಅದಕ್ಕೂ ಅಕ್ಕ ಎಂದೇ ಅರ್ಥ. ಹೀಗೆ ನಮ್ಮಿಬ್ಬರಲ್ಲಿ ತಂಗಿ ಯಾರೂ ಇರಲಿಲ್ಲ. ಇಬ್ಬರದೂ ಊರು ಹುಮನಾಬಾದ್, ಕೆಲಸ ಬಸವಕಲ್ಯಾಣದ ಒಂದು ಖಾಸಗಿ ಕಾಲೇಜಿನಲ್ಲಿ. ಅವರು ಅಲ್ಲಿಯ ಕಂಪ್ಯೂಟರ್ ಲ್ಯಾಬು, ಸರ್ವರು, ನೆಟ್‌ವರ್ಕಿನ ಜವಾಬ್ದಾರಿ ಹೊತ್ತವರು. ನಾನು ಪರೀಕ್ಷಾ ವಿಭಾಗದ ಗುಮಾಸ್ತೆ. ಆರು ವರ್ಷ ದಿನಾ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕೂತು ಹೋಗಿ ಬಂದವರು ನಾವು. ಅವರು ತೀರಿಕೊಂಡು ಈಗ ನಾಲ್ಕು ತಿಂಗಳಾಯಿತು. ಅವರ ಬಗ್ಗೆ ಬರೆಯಲು ನನಗೆ ಅಧಿಕಾರ ಇದೆಯೋ ಇಲ್ಲವೋ ಗೊತ್ತಿಲ್ಲ. ಬರೆಯದೆ ಇರುವುದಂತೂ ಆಗುತ್ತಿಲ್ಲ.

ಎತ್ತರದ ಹೆಂಗಸು. ಕರಿ ಬುರ್ಖಾ, ಅದರ ಮೇಲೆ ಹೆಗಲಿಗೆ ಗಂಡಸರ ಚೀಲ. ಆ ಚೀಲದಲ್ಲಿ ಸ್ಕ್ರೂಡ್ರೈವರ್, ಕೇಬಲ್ ಕತ್ತರಿಸುವ ಇಕ್ಕಳ ಮತ್ತು ಊಟದ ಡಬ್ಬಿ ಮೂರೂ ಒಟ್ಟಿಗೇ ಇರುತ್ತಿದ್ದವು. ಹುಮನಾಬಾದಿನಲ್ಲಿ ಅವರ ತಂದೆ ದರ್ಜಿ. ಗಂಡನದು ಬಳೆ ಅಂಗಡಿ. ಒಬ್ಬಳೇ ಮಗಳು. ಕಬ್ಬಿನ ಹಂಗಾಮಿನಲ್ಲಿ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಮ್ಮ ಬಸ್ಸು ನಿಂತುಬಿಟ್ಟರೆ ಬಸ್ಸಿನವರೆಲ್ಲ ಬೈಯುವರು. ಆಪಾ ಮಾತ್ರ ಚೀಲದಿಂದ ಕೇಬಲ್ಲಿನ ತುಂಡು ತೆಗೆದು, ಅದರ ತುದಿಯ ಎಂಟು ತಂತಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ಕೂಡುವರು.

ಅಂಥ ಒಂದು ದಿನ, ಬಸ್ಸು ಸಸ್ತಾಪುರ ಬಂಗ್ಲಾದ ಹತ್ತಿರ ನಿಂತಾಗ, ನಾನು ಕೇಳಿದೆ. "ಆಪಾ, ನಮ್ಮ ಪಾಸ್‌ವರ್ಡ್ ಎಲ್ಲಾ ನಿಮ್ಮ ಸರ್ವರಿನ್ಯಾಗ ಇರ್ತಾವಲ್ಲ. ನಿಮಗ ಕಾಣ್ತಾವಲ್ಲ. ಮತ್ಯಾಕ ಗ್ವಾಡಿ ನೋಡ್ಕೋತ ನಿಲ್ತೀರಿ?"

"ಕಾಣಂಗಿಲ್ಲ," ಎಂದರು. "ನನಗಷ್ಟೇ ಅಲ್ಲ, ಸರ್ವರಿಗೂ ಗೊತ್ತಿಲ್ಲ."

ನಾನು ನಂಬಲಿಲ್ಲ. ಗೊತ್ತಿಲ್ಲದಿದ್ದರೆ ಸರಿಯೋ ತಪ್ಪೋ ಹ್ಯಾಂಗೆ ಹೇಳುತ್ತದೆ?

"ಅಕ್ಕಾ, ನೀವು ಚಟ್ನಿ ಅರೀತೀರಿ. ಮೆಣಸಿನಕಾಯಿ, ಬಳ್ಳೊಳ್ಳಿ, ಕೊತ್ತಂಬರಿ. ಅರದಾದ ಮ್ಯಾಲ ಆ ಚಟ್ನಿಯಿಂದ ಮತ್ತ ಹಸಿ ಮೆಣಸಿನಕಾಯಿ ತೆಗೀಲಿಕ್ಕ ಬರ್ತದೇನು? ಬರಂಗಿಲ್ಲ. ಸರ್ವರು ಇಟ್ಕೊಳ್ಳೋದು ಅರದ ಚಟ್ನಿ ಅಷ್ಟೇ. ನೀವು ನಾಳೆ ಅದೇ ಪಾಸ್‌ವರ್ಡ್ ಕೊಟ್ರ ಅದನ್ನ ಮತ್ತ ಅರೀತದ. ರುಚಿ ಅದೇ ಬಂತೋ, ಒಳಗ ಬಿಡ್ತದ."

"ಇಬ್ಬರದು ಒಂದೇ ಪಾಸ್‌ವರ್ಡ್ ಇದ್ರ?"

ಆಪಾಗೆ ಖುಷಿಯಾಯಿತು. "ಅದಕ್ಕೇ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಉಪ್ಪು ಹಾಕ್ತೀವಿ. ಖರೇನೇ ಅದಕ್ಕ ಸಾಲ್ಟ್ ಅಂತಾನೇ ಅಂತಾರ. ಉಪ್ಪು ಬ್ಯಾರೆ ಆದ್ರ ಚಟ್ನಿನೂ ಬ್ಯಾರೆ. ಒಬ್ಬಾಕಿದು ಸಿಕ್ರ ಇನ್ನೊಬ್ಬಾಕಿದು ಸಿಗಂಗಿಲ್ಲ."

ವಿದ್ಯಾರ್ಥಿಗಳಿಗೆ ಕಲಿಸುವಾಗ ಅವರು ಆಟ ಆಡಿಸುತ್ತಿದ್ದರು. ನನ್ನ ಕೋಣೆ ಲ್ಯಾಬಿನ ಮಗ್ಗುಲಿಗೇ ಇದ್ದುದರಿಂದ ಕಿಟಕಿಯಿಂದ ನೋಡುತ್ತಿದ್ದೆ. ಕೋಣೆಯ ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಇಬ್ಬರಿಗೂ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ. ನಡುವೆ ಚೀಟಿ ಒಯ್ಯುವವಳೊಬ್ಬಳು. ಅವಳು ಚೀಟಿ ಬಿಡಿಸಿ ಓದಬಹುದು, ತಡೆಯಿಲ್ಲ. ಆ ಕಡೆಯವಳು ಪ್ರತಿ ಸಲ ಒಂದು ಹೊಸ ಸಂಖ್ಯೆ ಬರೆದು ಕಳಿಸುವಳು. ಈ ಕಡೆಯವಳು ಅದನ್ನು ತನ್ನ ಗುಟ್ಟಿನ ಸಂಖ್ಯೆಯೊಂದಿಗೆ ಕೂಡಿಸಿ ಗುಣಿಸಿ ಬರೀ ಉತ್ತರ ಕಳಿಸುವಳು. ಗುಟ್ಟು ಮಾತ್ರ ಯಾವ ಚೀಟಿಯಲ್ಲೂ ಇರುವುದಿಲ್ಲ. ಇವತ್ತಿನ ಉತ್ತರವನ್ನು ಯಾರಾದರೂ ಕದ್ದರೂ ನಾಳೆ ಪ್ರಶ್ನೆಯೇ ಬೇರೆ, ಆ ಉತ್ತರ ನಡೆಯದು. "ನಮ್ಮ ಆಟದ ಲೆಕ್ಕ ಸಣ್ಣದು, ಶ್ಯಾಣ್ಯಾರು ಬಿಡಿಸ್ತಾರ. ಮಷಿನ್ ಮಾಡೋ ಲೆಕ್ಕ ಹಿಂದಕ್ಕ ಬಿಡಿಸ್ಲಿಕ್ಕ ಬರಂಗಿಲ್ಲ. ನೆನಪಿಡ್ರಿ, ಪಾಸ್‌ವರ್ಡ್ ತಂತಿ ಮ್ಯಾಲ ನಡದು ಹೋಗಬಾರದು. ಅದು ಮನ್ಯಾಗ ಕುಂತು ಜವಾಬು ಅಷ್ಟೇ ಕಳಿಸಬೇಕು," ಎಂದು ಆಪಾ ಹೇಳುವರು.

ಒಂದು ದಿನ ಕೊಹಿನೂರ ಎಂಬ ಹಳ್ಳಿಯ ಒಕ್ಕಲುತನದ ಮನೆಯ ಹುಡುಗಿ, ಆ ವರ್ಷ ತರಗತಿಗೇ ಮೊದಲಿನವಳು, ಎದ್ದು ಕೇಳಿದಳು. "ಮೇಡಂ, ಗುಟ್ಟು ಇಟ್ಕೊಂಡಾಕಿನೇ ಬಾಯಿ ಬಿಟ್ರ?"

"ಅದಕ್ಕ ನನ್ನ ಹತ್ರ ಯಾವ ಲೆಕ್ಕಾನೂ ಇಲ್ಲವ್ವಾ," ಎಂದರು ಆಪಾ.

ಕಾಲೇಜಿನ ಆಡಳಿತ ಮಂಡಳಿಗೆ ಒಬ್ಬ ಕಾರ್ಯದರ್ಶಿ ಇದ್ದರು. ಅವರಿಗೆ ಎಲ್ಲ ಕೀಲಿಗಳೂ ತಮ್ಮ ಕಪಾಟಿನಲ್ಲಿ ಇರಬೇಕು. ಒಂದು ಸಲ ಆಪಾಳನ್ನು ಕರೆಸಿ, ಸಿಬ್ಬಂದಿಯ ಪಾಸ್‌ವರ್ಡ್ ಎಲ್ಲ ಒಂದು ರಿಜಿಸ್ಟರಿನಲ್ಲಿ ಬರೆದು ತಂದುಕೊಡಿ ಎಂದರು. ನಾನು ಕಡತಕ್ಕೆ ಸಹಿ ಹಾಕಿಸಲು ಅಲ್ಲೇ ನಿಂತಿದ್ದೆ.

"ನನಗ ಗೊತ್ತಿಲ್ರಿ ಸರ್," ಎಂದರು ಆಪಾ.

"ನೀವು ಇನ್‌ಚಾರ್ಜ್. ನಿಮಗ ಗೊತ್ತಿಲ್ಲಂದ್ರ ಹ್ಯಾಂಗ?"

"ಗೊತ್ತಿಲ್ಲದಂಗ ಇಡೋದೇ ನನ್ನ ಕೆಲಸರಿ."

"ಎಲ್ಲಾರನ್ನೂ ಕೇಳಿ ಬರಕೊಂಡು ಬರ್ರಿ."

"ನಾ ಕೇಳಂಗಿಲ್ಲ ಸರ್. ಯಾರೂ ಕೊಡಬಾರದಂತ ನಾನೇ ಎಲ್ಲಾರಿಗೂ ಹೇಳೀನಿ."

ಅವರ ದನಿಯಲ್ಲಿ ಸೊಕ್ಕಿರಲಿಲ್ಲ. ಆದರೆ ಕಾರ್ಯದರ್ಶಿಯವರ ಮುಖ ನೋಡಿದ ನನಗೆ, ಈ ಮಾತು ಇಲ್ಲಿಗೆ ಮುಗಿಯುವುದಿಲ್ಲ ಅನಿಸಿತು.

ಇನ್ನು ನನ್ನ ಮಾತಿಗೆ ಬರುತ್ತೇನೆ.

ಆ ವರ್ಷ ಪರೀಕ್ಷೆಯ ಮುಂಚೆ, ಆಂತರಿಕ ಅಂಕಗಳನ್ನು ಸೇರಿಸುವ ಕೊನೆಯ ದಿನ, ನನ್ನ ತವರು ಘಾಟಬೋರಾಳದಿಂದ ಫೋನ್ ಬಂತು. ನಮ್ಮವ್ವ ಅಂಗಳದಲ್ಲಿ ಜಾರಿ ಬಿದ್ದು ಎಚ್ಚರ ತಪ್ಪಿದ್ದಳು. ರಜೆ ಬರೆದುಕೊಟ್ಟು ಓಡಿದೆ. ಬಸ್ಸಿನಲ್ಲಿರುವಾಗ ನಮ್ಮ ಕಚೇರಿಯ ಸುಪರಿಂಟೆಂಡೆಂಟ್ ಫೋನ್ ಮಾಡಿದರು. ಎರಡು ವಿಷಯಗಳ ಅಂಕ ಲಾಕ್ ಆಗಿಲ್ಲ, ಐದಕ್ಕೆ ಪೋರ್ಟಲ್ ಮುಚ್ಚುತ್ತದೆ, ಪಾಸ್‌ವರ್ಡ್ ಹೇಳಿಬಿಡಮ್ಮಾ, ಒಂದು ಗುಂಡಿ ಒತ್ತೋದಷ್ಟೇ ಅದ, ಎಂದರು. ಅವ್ವನ ಚಿಂತೆ ತಲೆ ತುಂಬ ಇತ್ತು. ಅದಷ್ಟೇ ಅಲ್ಲ. ನನ್ನ ಕೆಲಸ ಕಾಯಂ ಮಾಡುವ ಕಡತ ಅವರ ಮೇಜಿನ ಮೇಲಿತ್ತು. ಬಸ್ಸಿನ ಗದ್ದಲದಲ್ಲಿ ಕೇಳಿಸಲೆಂದು, ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಹೇಳಿದೆ.

ಅವ್ವ ಉಳಿದಳು. ಮರುದಿನವೇ ನಾನು ಕೆಲಸಕ್ಕೆ ಹಾಜರಾದೆ. ಅದೇ ಪಾಸ್‌ವರ್ಡ್ ಹಾಕಿ ಕಂಪ್ಯೂಟರ್ ತೆರೆದೆ.

ಫಲಿತಾಂಶ ಬಂದಾಗ ಕೊಹಿನೂರದ ಹುಡುಗಿಯ ಆಂತರಿಕ ಅಂಕಗಳು ಎರಡು ವಿಷಯಗಳಲ್ಲಿ ಇಳಿದಿದ್ದವು. ಸುಪರಿಂಟೆಂಡೆಂಟರ ಬೀಗರ ಮಗಳವು ಏರಿದ್ದವು. ಮೊದಲ ಸ್ಥಾನ ಆಕೆಗೆ ಹೋಯಿತು. ಕೊಹಿನೂರದ ಹುಡುಗಿ ತನ್ನ ಉತ್ತರಪತ್ರಿಕೆಗಳ ಅಂಕ ಬರೆದಿಟ್ಟುಕೊಂಡಿದ್ದಳು. ಅರ್ಜಿ ಕೊಟ್ಟಳು. ಗುಲ್ಲೆದ್ದಿತು. ಬದಲಾವಣೆ ಆಗಿದ್ದು ನನ್ನ ಹೆಸರಿನ ಲಾಗಿನ್‌ನಿಂದ, ನಾನು ರಜೆಯಲ್ಲಿದ್ದ ದಿನ. ಕಾರ್ಯದರ್ಶಿಯವರಿಗೆ ಇಷ್ಟು ಸಾಕಾಯಿತು. "ಪರೀಕ್ಷಾ ವಿಭಾಗದ ಪಾಸ್‌ವರ್ಡ್ ಕಳುವಾಗ್ಯಾದ. ಕದಿಯೋ ವಿದ್ಯಾ ಗೊತ್ತಿರೋರು ಕಾಲೇಜಿನ್ಯಾಗ ಒಬ್ಬರೇ," ಎಂದರು.

ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ವಿಚಾರಣೆ ನಡೆಯಿತು. ಕಾರ್ಯದರ್ಶಿ ಮೊದಲು ನನ್ನನ್ನು ಕೇಳಿದರು.

"ನಿಮ್ಮ ಪಾಸ್‌ವರ್ಡ್ ಯಾರಿಗರೆ ಕೊಟ್ಟಿದ್ರೇನು?"

ಎದುರಿಗೇ ಸುಪರಿಂಟೆಂಡೆಂಟ್ ಕೂತಿದ್ದರು. ಅವರು ನನ್ನನ್ನು ಗದರಿಸಲಿಲ್ಲ, ಸನ್ನೆ ಮಾಡಲಿಲ್ಲ. ಸುಮ್ಮನೆ ಕನ್ನಡಕ ಒರೆಸುತ್ತಿದ್ದರು.

"ಇಲ್ರಿ," ಎಂದೆ.

ಆಪಾ ನನ್ನ ಕಡೆ ನೋಡಲಿಲ್ಲ. ತಮ್ಮ ಸರದಿ ಬಂದಾಗ ಎದ್ದುನಿಂತು, ಯಾವ ಲಾಗಿನ್ ಯಾವಾಗ ಎಲ್ಲಿಂದ ತೆರೆಯಿತೆಂದು ಸರ್ವರು ಬರೆದಿಟ್ಟ ಲಾಗ್‌ನ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಸರ್, ಕೀಲಿ ಯಾರೂ ಮುರದಿಲ್ಲ. ನೆಟ್‌ವರ್ಕಿನ ಮ್ಯಾಲ ಪಾಸ್‌ವರ್ಡ್ ಹೋಗಂಗೇ ಇಲ್ಲ, ಕದೀಲಿಕ್ಕ ಅಲ್ಲಿ ಏನೂ ಇಲ್ಲ. ಸರ್ವರಿನ್ಯಾಗೂ ಅದು ಓದೋ ಹಂಗ ಇಲ್ಲ. ಬಂದವರು ಒಂದೇ ಸಲಕ್ಕ ಸರಿಯಾದ ಪಾಸ್‌ವರ್ಡ್ ಹಾಕಿ ಬಂದಾರ. ನಾಲ್ಕೂ ನಲ್ವತ್ತಕ್ಕ, ಕಚೇರಿ ಸುಪರಿಂಟೆಂಡೆಂಟ್ ಅವರ ಕೋಣಿ ಕಂಪ್ಯೂಟರಿನಿಂದ."

"ನೀವು ಮನಸ್ಸು ಮಾಡಿದ್ರ ಆ ಪಾಸ್‌ವರ್ಡ್ ಬದಲಿ ಮಾಡಬಹುದಲ್ಲ?"

"ಮಾಡಬಹುದು. ಆದ್ರ ಬದಲಿ ಮಾಡಿದ್ರ ಮರುದಿನ ಹಳೇದು ನಡೀತಿದ್ದಿಲ್ಲ. ನಡದದ."

ಇದರ ಅರ್ಥ ಆ ಕೋಣೆಯಲ್ಲಿ ಮೂವರಿಗೆ ಆಯಿತು: ಆಪಾಗೆ, ಸುಪರಿಂಟೆಂಡೆಂಟರಿಗೆ, ನನಗೆ. ಪಾಸ್‌ವರ್ಡ್ ಕಳುವಾಗಿಲ್ಲ, ಬದಲಾಗಿಯೂ ಇಲ್ಲ ಎಂದರೆ ಅದನ್ನು ಯಾರೋ ಬಾಯಿಂದ ಹೇಳಿದ್ದಾರೆ. ಹೇಳಬಲ್ಲವಳು ಒಬ್ಬಳೇ.

"ಹಂಗಾದ್ರ ಈ ಗುಮಾಸ್ತೀನೇ ಮಾಡ್ಯಾಳ ಅಂತೀರೇನು?" ಎಂದರು ಕಾರ್ಯದರ್ಶಿ.

ಆಗ ಆಪಾ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕಾಯುತ್ತಿದ್ದರು. ನಾನು ಬಾಯಿ ತೆರೆಯುತ್ತೇನೆಂದು, ತೆರೆಯಲು ನನಗೆ ಜಾಗ ಕೊಟ್ಟು, ಕಾಯುತ್ತಿದ್ದರು. ನಾನು ತಲೆ ತಗ್ಗಿಸಿದೆ.

"ಅವರು ಅವತ್ತು ರಜಾದಾಗ ಇದ್ರು," ಎಂದರು ಆಪಾ. "ಎಲ್ಲಿಂದ ಬಂದಾರ ಅನ್ನೋದು ಮಷಿನ್ ಹೇಳ್ತದ. ಯಾರು ಅನ್ನೋದು ಹೇಳಂಗಿಲ್ಲ. ಅದು ನೀವು ಕೇಳಬೇಕು."

"ಇದೆಲ್ಲಾ ನಿಮ್ಮ ಕಂಪ್ಯೂಟರ್ ಭಾಷೆ," ಎಂದು ಕಾರ್ಯದರ್ಶಿ ಹಾಳೆಗಳನ್ನು ಬದಿಗೆ ಸರಿಸಿದರು. ರಿಜಿಸ್ಟರ್ ಬರೆದುಕೊಡಲಿಲ್ಲ ಎಂಬುದನ್ನೇ ಹಿಡಿದು, ಏನೋ ಬಚ್ಚಿಡಲಿಕ್ಕೇ ಕೊಟ್ಟಿಲ್ಲ ಎಂದು ಬರೆಸಿದರು.

ಅವತ್ತು ಸಂಜೆಯೂ ಬಸ್ಸಿನಲ್ಲಿ ಆಪಾ ನನ್ನ ಪಕ್ಕದಲ್ಲೇ ಕೂತರು. ಬಂಗ್ಲಾ ದಾಟಿತು. ರಾಜೇಶ್ವರ ಬಂತು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು. "ನಿಮ್ಮ ಅವ್ವಗ ಈಗ ಹ್ಯಾಂಗದ?"

"ಅಡ್ಡಾಡ್ತಾಳ್ರಿ," ಎಂದೆ.

"ಪಾಸ್‌ವರ್ಡ್ ಬದಲಿ ಮಾಡ್ರಿ ಅಕ್ಕಾ," ಎಂದರು. "ನಾಳೆ ಹೋದ ಕೂಡಲೇ."

ಒಂದು ವಾರಕ್ಕೆ ಅವರನ್ನು ಅಮಾನತಿನಲ್ಲಿಟ್ಟ ಆದೇಶ ಬಂತು. ಅದನ್ನು ಬಸ್ ನಿಲ್ದಾಣದಲ್ಲಿ ನಿಂತು ಎರಡು ಸಲ ಓದಿದರು. "ನಮ್ಮ ಮನಿ ಮಾತಿನ್ಯಾಗ ಅಮಾನತ್ ಅಂದ್ರ ಭರೋಸಾದಿಂದ ಒಬ್ಬರ ಹತ್ರ ಇಟ್ಟ ವಸ್ತು. ಅದಕ್ಕ ಖಯಾನತ್ ಮಾಡಿದ್ರ, ಮೋಸ ಮಾಡಿದ್ರ, ದೊಡ್ಡ ಗುನ್ನಾ. ನಿಮ್ಮ ಆಫೀಸ್ ಕನ್ನಡದಾಗ ಅಮಾನತು ಅಂದ್ರ ಇದು," ಎಂದು ಹಾಳೆ ಮಡಚಿ, ಚೀಲದಲ್ಲಿ ಡಬ್ಬಿಯ ಕೆಳಗಿಟ್ಟರು. ಮರುದಿನದಿಂದ ನಾನು ಒಬ್ಬಳೇ ಬಸ್ಸು ಹತ್ತಿದೆ.

ಮುಂದಿನ ಒಂದೂವರೆ ತಿಂಗಳು ನಾನು ದಿನಾ ಹೇಳಬೇಕೆಂದುಕೊಂಡೆ. ದಿನಾ ಒಂದು ನೆಪ ಸಿಕ್ಕಿತು. ನನ್ನ ಕೆಲಸ ಕಾಯಂ ಆದ ಆದೇಶವೂ ಅದೇ ಹೊತ್ತಿನಲ್ಲಿ ಬಂತು. ಪೇಢೆ ಹಂಚಿದೆ. ಸುಪರಿಂಟೆಂಡೆಂಟ್ ಎರಡು ತೆಗೆದುಕೊಂಡರು.

ವರ್ಗಾವಣೆ ಪತ್ರಕ್ಕೆಂದು ಕೊಹಿನೂರದ ಹುಡುಗಿ ಬಂದಳು. ನಾನು ಪತ್ರ ಬರೆಯುತ್ತಿದ್ದರೆ ಮೇಜಿನ ಅಂಚು ಹಿಡಿದು ನಿಂತಿದ್ದಳು. "ಮೇಡಂ, ಒಂದು ಮಾತು ಕೇಳ್ಲ್ಯಾ? ಕಂಪ್ಯೂಟರ್ ಮೇಡಂ ನನಗ ಯಾಕ ಹಿಂಗ ಮಾಡಿದ್ರು? ನಾ ಅವರಿಗೇನು ಮಾಡಿದ್ದೆ? ಅವರಂದ್ರ ನನಗ ಭಾಳ ಇಷ್ಟ ಇತ್ತು." ಅಳಲಿಲ್ಲ. ಬರೀ ಉತ್ತರ ಬೇಕಾಗಿತ್ತು ಅವಳಿಗೆ. ನಾನು ಠಸ್ಸೆ ಒತ್ತಿ ಪತ್ರ ಕೊಟ್ಟೆ.

ಆ ಭಾನುವಾರ ಆಪಾಳ ಮನೆಗೆ ಹೋದೆ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಬಸ್ಸು, ಫೋನು, ಕಡತ. ಅವರ ಬೆರಳು ಬೇಳೆಯಿಂದ ಹರಳು ಹೆಕ್ಕುವುದನ್ನು ನಿಲ್ಲಿಸಲಿಲ್ಲ.

"ನನಗ ಹೇಳಿ ಏನು ಫಾಯದಾ?" ಎಂದರು. "ನನಗ ಅವತ್ತೇ ಗೊತ್ತಿತ್ತು."

"ಮತ್ಯಾಕ ನನ್ನ ಹೆಸರು ಹೇಳಲಿಲ್ಲ ಆಪಾ?"

"ಗೊತ್ತಿರೋದು ಬ್ಯಾರೆ, ಕಂಡಿರೋದು ಬ್ಯಾರೆ. ನಾ ಕಂಡಿದ್ದಿಲ್ಲ. ಕಾಣಲಾರದ್ದು ಹೇಳಿ ಒಬ್ಬರ ಅನ್ನ ಕಸಗೊಂಡ್ರ, ನನಗೂ ಕಾರ್ಯದರ್ಶಿಗೂ ಫರಕ್ ಏನು ಉಳೀತು?" ಎಂದರು. ಆಮೇಲೆ ಮೊದಲ ಸಲ ಮೊರ ಕೆಳಗಿಟ್ಟರು. ನಾನು ಆ ಹುಡುಗಿ ಕೇಳಿದ್ದನ್ನು ಹೇಳಿದ್ದೆ. ಅದು ಅವರಿಗೆ ನಾಟಿತ್ತು. "ಆ ಹುಡುಗಿ ನನ್ನನ್ನ ಕಳ್ಳಿ ಅಂತ ತಿಳ್ಕೊಂಡಾಳಲ್ಲ ಅಕ್ಕಾ. ಆಕಿಗೆ ಹೇಳ್ರಿ. ನನಗ ಬ್ಯಾಡ. ಆಕಿಗೆ."

ಕೊಹಿನೂರಿಗೆ ಹೋದೆ. ಹುಡುಗಿಯ ತಂದೆ ತಾಯಿ ಹೊಲಕ್ಕೆ ಹೋಗಿದ್ದರು. ಅವಳು ಕಟ್ಟೆಯ ಮೇಲೆ ಕೂತು ನನ್ನ ಮಾತನ್ನೆಲ್ಲ ಕೇಳಿದಳು. "ಈಗ್ಯಾಕ ಹೇಳಾಕತ್ತೀರಿ?" ಎಂದಳು. ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟಳು. "ಬರದು ಕೊಡ್ರಿ."

ಬರೆದೆ. ಎರಡು ಪುಟ. ಕೆಳಗೆ ಸಹಿ. ಅವಳು ಅದನ್ನು ಆಪಾ ಕೊಟ್ಟ ಲಾಗ್‌ನ ಪ್ರತಿಯೊಂದಿಗೆ ವಿಶ್ವವಿದ್ಯಾಲಯಕ್ಕೆ ಕಳಿಸಿದಳು. ಏಳೆಂಟು ತಿಂಗಳ ನಂತರ ಅವಳ ಅಂಕಗಳು ವಾಪಸು ಬಂದವು, ಮೊದಲ ಸ್ಥಾನವೂ ಬಂತು. ಸುಪರಿಂಟೆಂಡೆಂಟರನ್ನು ಮಂಡಳಿಯ ಇನ್ನೊಂದು ಶಾಲೆಗೆ ಹಾಕಿದರು. ನನಗೆ ಎಚ್ಚರಿಕೆಯ ಮೆಮೋ. ಆಪಾಳ ಅಮಾನತನ್ನು ರದ್ದು ಮಾಡುವ ಪ್ರಶ್ನೆಯೇ ಬರಲಿಲ್ಲ. ಅಷ್ಟರೊಳಗೆ ಅವರ ಒಪ್ಪಂದದ ಅವಧಿ ಮುಗಿದಿತ್ತು. ಮಂಡಳಿ ಅದನ್ನು ಮುಂದುವರಿಸದೆ ಸುಮ್ಮನಾಯಿತು. ಅವರು ತಪ್ಪು ಮಾಡಿಲ್ಲ ಎಂದು ಒಂದು ಸಾಲನ್ನೂ ಯಾರೂ ಬರೆಯಲಿಲ್ಲ. ಬೇರೆ ಕಾಲೇಜುಗಳಿಗೆ ಅರ್ಜಿ ಹಾಕಿದರೆ, "ಪಾಸ್‌ವರ್ಡಿನ ಗದ್ದಲದ ಮೇಡಂ ಇವರೇ ಅಲ್ಲೇನು?" ಎಂಬ ಮಾತು ಅವರಿಗಿಂತ ಮೊದಲು ಹೋಗಿ ಮುಟ್ಟಿರುತ್ತಿತ್ತು. ಹುಮನಾಬಾದಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸಕ್ಕೆ ಸೇರಿದರು. ಮೂರು ವರ್ಷ ಅಲ್ಲೇ ಇದ್ದರು.

ನಾನು ಆಗೀಗ ಹೋಗುತ್ತಿದ್ದೆ. ಚಹಾ ತರಿಸುವರು, ಅವ್ವನನ್ನು ಕೇಳುವರು. ಒಂದು ಸಲ ಧೈರ್ಯ ಮಾಡಿ, ವಿಚಾರಣೆಯ ದಿನ ಸಂಜೆ ನನ್ನ ಪಕ್ಕದಲ್ಲಿ ಕೂಡಲಿಕ್ಕೆ ನಿಮಗೆ ಹ್ಯಾಂಗೆ ಮನಸ್ಸಾಯಿತು ಎಂದು ಕೇಳಿದೆ.

"ಮನಸ್ಸು ಎಲ್ಲಿತ್ತು?" ಎಂದರು. "ಮೈಯೆಲ್ಲಾ ಸಿಟ್ಟು ಉರೀತಿತ್ತು. ಆದ್ರ ಆರು ವರ್ಷ ಒಂದೇ ಸೀಟಿನ್ಯಾಗ ಕುಂತೀವಿ. ಅವತ್ತು ನಾ ಬ್ಯಾರೆ ಕುಂತಿದ್ರ ಬಸ್ಸಿಗೆ ಬಸ್ಸೇ ನಿಮ್ಮ ಕಡೆ ನೋಡ್ತಿತ್ತು."

ಮಾಫ್ ಮಾಡಿದ್ದೇನೆ ಎಂದು ಅವರು ಯಾವತ್ತೂ ಅನ್ನಲಿಲ್ಲ. ನಾನು ಕೇಳಲಿಲ್ಲ. ಕೇಳಿದರೆ ಕೊಟ್ಟುಬಿಡುತ್ತಿದ್ದರು ಎಂಬ ಹೆದರಿಕೆ ನನಗಿತ್ತು.

ರಮಜಾನಿನ ಒಂದು ಮುಂಜಾನೆ ಎದೆ ನೋವೆಂದು ಮಲಗಿದವರು ಏಳಲಿಲ್ಲ. ಮಾತನಾಡಿಸಿ ಬರಲೆಂದು ಹೋದಾಗ ಹೆಂಗಸರ ನಡುವೆ ಕೊಹಿನೂರದ ಹುಡುಗಿಯೂ ಕೂತಿದ್ದಳು. ಈಗ ಅವಳು ಶಾಲೆಯೊಂದರಲ್ಲಿ ಶಿಕ್ಷಕಿ. ನನಗೆ ನಮಸ್ಕಾರ ಮಾಡಿದಳು, ಮಾತಾಡಲಿಲ್ಲ. ಆಪಾಳ ಮಗಳು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. ಹದಿನೇಳು ಹದಿನೆಂಟರ ಹುಡುಗಿ. ಚಪ್ಪಲಿ ಮೆಟ್ಟುತ್ತಿರುವಾಗ ಮೆಲ್ಲಗೆ ಕೇಳಿದಳು. "ಆಂಟಿ, ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ಅಂತಾಳ, ನಿಮ್ಮ ಅಮ್ಮಿ ಕಾಲೇಜಿನ್ಯಾಗ ಕಳುವು ಮಾಡಿದ್ಲಂತ. ಅಮ್ಮಿ ಏನೂ ಮಾಡಿಲ್ಲ ಅಂತ ನನಗ ಗೊತ್ತದ. ಆದ್ರ ತೋರಸ್ಲಿಕ್ಕ ನನ್ನ ಹತ್ರ ಏನೂ ಇಲ್ಲ."

ಮರುದಿನ ನಾನು ಅರ್ಜಿ ಬರೆದೆ. ಅಮಾನತಿನ ಆದೇಶವನ್ನು ಹಿಂದಕ್ಕೆ ಪಡೆಯಬೇಕು, ಇವರು ಯಾರ ಪಾಸ್‌ವರ್ಡನ್ನೂ ಕದ್ದಿರಲಿಲ್ಲ, ಅದನ್ನು ಕೊಟ್ಟವಳು ನಾನು ಎಂದು ಕಾಲೇಜಿನ ಕಾಗದದ ಮೇಲೆ, ಠಸ್ಸೆಯೊಂದಿಗೆ ಬರೆದುಕೊಡಬೇಕು. ಹೊಸ ಪ್ರಾಂಶುಪಾಲರು ಒಳ್ಳೆಯವರು, ತರುಣರು. ಎರಡು ಸಲ ಓದಿದರು.

"ಇದು ಮಂಡಳಿ ಮೀಟಿಂಗಿಗೆ ಹೋಗಬೇಕ್ರಿ," ಎಂದರು.

"ಹೋಗ್ಲಿರಿ."

"ನಿಮಗೇ ತ್ರಾಸ ಆಗ್ತದ. ನೋಟೀಸ್ ಬರಬಹುದು."

"ಬರ್ಲಿರಿ."

ಎರಡು ಮೀಟಿಂಗ್ ಆದವು. ವಿಷಯ ಬರಲಿಲ್ಲ. ನಾನು ಮತ್ತೆ ಹೋದೆ. ಮತ್ತೆ ಹೋದೆ. ಹೋದ ಸೋಮವಾರ ಪ್ರಾಂಶುಪಾಲರು ಬೇಸರದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. "ಅವರು ತೀರಿಕೊಂಡಾರಲ್ರಿ. ಈಗ ಈ ಆದೇಶ ತಗೊಂಡು ಯಾರು ಓದ್ತಾರ?"

"ಅವರ ಮಗಳದಾಳ್ರಿ," ಎಂದೆ. "ಓದ್ತಾಳ."